ನಕಾಶೆ ತಿರುಗಿಸಿದವರು

ಹಾಸ್ಟೆಲ್ ರೂಮಿನ ವರ್ಲ್ಡ್ ಮ್ಯಾಪನ್ನ ನಾವು ಒಂದು ಸಲ ಬೇಕಂತಲೇ ಉಲ್ಟಾ ಅಂಟಿಸಿದ್ವಿ. ಬಂದವರೆಲ್ಲ ಕತ್ತು ವಾಲಿಸಿ ನೋಡಿ, ಸರಿಮಾಡ್ರೋ ಅಂದ್ರು. ಭೂಮಿಗೆ ಮೇಲೆ ಕೆಳಗೆ ಇಲ್ಲ ಅಂತ ಎಲ್ಲರಿಗೂ ಗೊತ್ತು, ಆದ್ರೂ ಕಣ್ಣು ಒಪ್ಪಲ್ಲ! ಈ ಕೆಲಸವನ್ನ ಬಹಳ ಹಿಂದೆಯೇ ಗಂಭೀರವಾಗಿ ಮಾಡಿದವರು ಉರುಗ್ವೆಯ ಚಿತ್ರಕಾರ ಹೊಆಕಿನ್ ಟೊರೆಸ್-ಗಾರ್ಸಿಯ.

ಹುಟ್ಟಿದ್ದು 1874ರಲ್ಲಿ, ಮಾಂಟೆವಿಡಿಯೊದಲ್ಲಿ. ತಂದೆ ಸ್ಪೇನಿನ ಕೆಟಲೋನಿಯಾದವರು. 1891ರಲ್ಲಿ ಮನೆಮಂದಿಯೆಲ್ಲ ಅಲ್ಲಿಗೇ ಹೊರಟರು. ಮುಂದೆ ಅವರು ವಾಸ್ತುಶಿಲ್ಪಿ ಗೌಡಿಯ ಜೊತೆ ಪಾಲ್ಮಾದ ಕ್ಯಾಥೆಡ್ರಲ್ಲಿನ ಬಣ್ಣದ ಗಾಜುಗಳ ಕೆಲಸ ಮಾಡಿದರು. 1920ರಲ್ಲಿ ನ್ಯೂಯಾರ್ಕಿಗೆ ಹೋದರು. ಚಿತ್ರದಿಂದ ಹೊಟ್ಟೆ ತುಂಬಲಿಲ್ಲ. ತಲೆ, ಕೈಕಾಲು ಬಿಚ್ಚಿ ಬೇರೆ ಥರ ಜೋಡಿಸಬಹುದಾದ ಮರದ ಆಟಿಕೆ ಮಾಡಿ ಮಾರಿದರು. (ನಮಗಂತೂ ಅವರ ಕೆಲಸದಲ್ಲಿ ಇವೇ ತುಂಬಾ ಇಷ್ಟ.) 1926ರಲ್ಲಿ ಪ್ಯಾರಿಸ್. ಅಲ್ಲಿ ಮೊಂಡ್ರಿಯಾನ್‌ನಂಥವರ ಒಡನಾಟ. ಚೌಕಗಳ ಒಳಗೆ ಮೀನು, ಗಡಿಯಾರ, ಲಂಗರು ಕೂರಿಸುವ ಅವರದೇ ಶೈಲಿ ಹುಟ್ಟಿದ್ದು ಆಗಲೇ. ಹೆಸರು ಬಂತು, ದುಡ್ಡು ಬರಲಿಲ್ಲ.

1934ರಲ್ಲಿ, ಅರವತ್ತರ ಹೊಸ್ತಿಲಲ್ಲಿ, 43 ವರ್ಷಗಳ ನಂತರ ಊರಿಗೆ ವಾಪಸ್. ಅಲ್ಲಿ ನೋಡಿದರೆ ಕಲೆ ಅಂದ್ರೆ ಯುರೋಪಿನದ್ದು, ತಾವು ದೂರದ ಮೂಲೆಯವರು ಅನ್ನೋ ಭಾವನೆ. ತಾವೂ ಅದೇ ಯುರೋಪಿನ ಹಿಂದೆ ಅರ್ಧ ಆಯುಷ್ಯ ಓಡಿದ್ದವರು. ಅವರಿಗೆ ಇದು ಚುಚ್ಚಿರಬೇಕು ಅಂತ ನಮ್ಮ ಊಹೆ. 1935ರಲ್ಲೇ ದಕ್ಷಿಣದ್ದೇ ಒಂದು ಕಲಾಪಂಥ ಬೇಕು, ನಮ್ಮ ಪಾಲಿಗೆ ದಕ್ಷಿಣವೇ ಉತ್ತರವಾಗಬೇಕು ಅಂತ ವಾದಿಸಿದರು. ಮರುವರ್ಷ ತಲೆಕೆಳಗಾದ ದಕ್ಷಿಣ ಅಮೆರಿಕದ ನಕಾಶೆ ಬರೆದರು. ಈಗ ಎಲ್ಲೆಡೆ ಕಾಣೋದು 1943ರ ಶಾಯಿಚಿತ್ರ. ಖಂಡದ ಚೂಪು ತುದಿ ಮೇಲಕ್ಕೆ, ಭೂಮಧ್ಯರೇಖೆ ಕೆಳಕ್ಕೆ; ಸೂರ್ಯ, ಚಂದ್ರ, ಒಂದು ಹಡಗು, ಮಾಂಟೆವಿಡಿಯೊದ ಅಕ್ಷಾಂಶದ ಗೆರೆ. ನಕಾಶೆ ತಿರುಗಿಸಿದ್ರೆ ಯಾವ ಊರಿನ ದೂರವೂ ಬದಲಾಗಲ್ಲ, ಯಾವ ದೇಶವೂ ಹಿಗ್ಗಲ್ಲ. ಆದ್ರೂ ಉರುಗ್ವೆಯವರಿಗೆ ತಮ್ಮೂರು ಮೊದಲ ಬಾರಿಗೆ ಮೇಲ್ಗಡೆ ಕಂಡಿತು.

ನೂರಾರು ಉಪನ್ಯಾಸ ಕೊಟ್ಟರು, ಹುಡುಗ ಹುಡುಗಿಯರಿಗಾಗಿ ಕಾರ್ಯಾಗಾರ ತೆರೆದರು. 1944ರಲ್ಲಿ ಆ ಶಿಷ್ಯರನ್ನೇ ಕರೆದುಕೊಂಡು ಕ್ಷಯರೋಗಿಗಳ ಆಸ್ಪತ್ರೆಯೊಂದರ ಗೋಡೆಗಳಿಗೆ ದೊಡ್ಡ ಚಿತ್ರಗಳನ್ನು ಬರೆದರು. 1949ರಲ್ಲಿ ತೀರಿಕೊಂಡರು. ಆ ಗೋಡೆಚಿತ್ರಗಳಲ್ಲಿ ಅವರ ಕೈಯವು ಏಳು. ಗೋಡೆಯಿಂದ ಬಿಡಿಸಿ ರಿಯೊ ಡಿ ಜನೈರೊಗೆ ಪ್ರದರ್ಶನಕ್ಕೆ ಒಯ್ದಿದ್ದಾಗ, 1978ರ ಬೆಂಕಿಯಲ್ಲಿ ಅವು ಸುಟ್ಟುಹೋದವು. ಅಂಗೈಗಿಂತ ಸ್ವಲ್ಪ ದೊಡ್ಡದಾದ ಆ ಶಾಯಿಚಿತ್ರ ಮಾತ್ರ ಉಳಿದಿದೆ, ಮಾಂಟೆವಿಡಿಯೊದಲ್ಲೇ.

ನಮ್ಮ ರೂಮಿನ ಮ್ಯಾಪೂ ಇನ್ನೂ ಉಲ್ಟಾನೇ ಇದೆ.