ಕಾಲವನ್ನು ಅಳೆದ ರುದರ್‌ಫರ್ಡ್

ಅರ್ನೆಸ್ಟ್ ರುದರ್‌ಫರ್ಡ್ 1871ರ ಆಗಸ್ಟ್ 30ರಂದು ನ್ಯೂಜಿಲೆಂಡಿನ ನೆಲ್ಸನ್ ಪಟ್ಟಣದ ಬಳಿ ಜನಿಸಿದನು. ತಂದೆ ಗಾಡಿಯ ಚಕ್ರಗಳನ್ನು ಮಾಡುತ್ತಿದ್ದವನು. ತಾಯಿ ಶಾಲೆಯಲ್ಲಿ ಪಾಠ ಹೇಳಿದ್ದವಳು. ಹನ್ನೆರಡು ಮಕ್ಕಳ ಆ ಸಂಸಾರದಲ್ಲಿ ಈತನು ನಾಲ್ಕನೆಯವನು. ವಿದ್ಯಾರ್ಥಿವೇತನಗಳ ಬಲದಿಂದಲೇ ಓದು ಸಾಗಿತು. ಇಂಗ್ಲೆಂಡಿಗೆ ಹೋಗುವ ವೇತನವು ಮೊದಲು ಬೇರೊಬ್ಬನಿಗೆ ದೊರೆತಿತ್ತು. ಅವನು ಒಲ್ಲೆನೆಂದುದರಿಂದ ಇವನ ಪಾಲಿಗೆ ಬಂದಿತು. 1895ರಲ್ಲಿ ಕೇಂಬ್ರಿಜ್ ಸೇರಿ ಥಾಮ್ಸನ್‌ನ ಶಿಷ್ಯನಾದನು. 1898ರಲ್ಲಿ ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕನಾದನು.

ಅಲ್ಲಿ ಥೋರಿಯಂನಿಂದ ಹೊರಡುವ ಒಂದು ಅನಿಲವನ್ನು ಈತನು ಪರೀಕ್ಷಿಸಿದನು. ಆ ಅನಿಲವು ಗಾಳಿಯಲ್ಲಿ ವಿದ್ಯುತ್ತು ಹರಿಯುವಂತೆ ಮಾಡುತ್ತಿತ್ತು. ಹರಿವನ್ನು ಅಳೆಯುತ್ತ ಹೋದಾಗ, ಸುಮಾರು ಒಂದು ನಿಮಿಷಕ್ಕೆ ಅದು ಅರ್ಧವಾಯಿತು. ಮತ್ತೊಂದು ನಿಮಿಷಕ್ಕೆ ಉಳಿದುದರಲ್ಲಿ ಅರ್ಧವಾಯಿತು. 1900ರಲ್ಲಿ ಪ್ರಕಟವಾದ ಈ ಅಳತೆಯೇ ಅರ್ಧಾಯುಷ್ಯದ ಕಲ್ಪನೆಗೆ ಮೂಲ. ಬಳಿಕ ಸಾಡಿಯೊಡನೆ ಸೇರಿ, ಒಂದು ಧಾತುವು ತಾನಾಗಿಯೇ ಇನ್ನೊಂದಾಗುವುದೆಂದು ತೋರಿಸಿದನು.

ಭೂಮಿಗೆ ಎರಡರಿಂದ ನಾಲ್ಕು ಕೋಟಿ ವರ್ಷ ಮಾತ್ರ ವಯಸ್ಸಾಗಿದೆಯೆಂದು ಹಿರಿಯ ವಿಜ್ಞಾನಿ ಕೆಲ್ವಿನ್ ಲೆಕ್ಕ ಹಾಕಿದ್ದನು. 1904ರಲ್ಲಿ ಲಂಡನ್ನಿನ ಸಭೆಯಲ್ಲಿ ಕೆಲ್ವಿನ್ನನೆದುರಿಗೇ ರುದರ್‌ಫರ್ಡನು ಮಾತನಾಡಬೇಕಾಯಿತು. ಹೊಸದೊಂದು ಶಾಖಮೂಲ ದೊರೆಯದಿದ್ದರೆ ಮಾತ್ರ ತನ್ನ ಲೆಕ್ಕ ಸರಿಯೆಂದು ಕೆಲ್ವಿನ್ನನೇ ಹೇಳಿದ್ದನಲ್ಲವೆ! ಆ ಮೂಲವೇ ರೇಡಿಯಂ ಎಂದು ಈತನು ವಿವರಿಸಿದನು. ಹಿರಿಯರನ್ನು ನೋಯಿಸದೆ ಸತ್ಯವನ್ನು ಹೇಳುವ ದಾರಿ ಅದು.

ಆದರೆ ಕೋಟ್ಯಂತರ ವರ್ಷಗಳ ಅರ್ಧಾಯುಷ್ಯವನ್ನು ಯಾರು ತಾನೇ ಕಾದು ಕುಳಿತು ಅಳೆಯಬಲ್ಲರು? ತೂಕ ತಿಳಿದ ವಸ್ತುವಿನಿಂದ ಕ್ಷಣಕ್ಕೆ ಎಷ್ಟು ಕಣಗಳು ಸಿಡಿಯುವುವೆಂದು ಎಣಿಸಿದರೆ ಸಾಕು. 1908ರಲ್ಲಿ ಮ್ಯಾಂಚೆಸ್ಟರಿನಲ್ಲಿ ರುದರ್‌ಫರ್ಡ್ ಮತ್ತು ಗೈಗರ್ ರೇಡಿಯಂ ಕಣಗಳನ್ನು ಹೀಗೆ ಎಣಿಸಿದರು. ಅದೇ ವರ್ಷ ಈತನಿಗೆ ನೊಬೆಲ್ ಪಾರಿತೋಷಕ ಬಂದಿತು. 1911ರಲ್ಲಿ ಪರಮಾಣುವಿನ ಬೀಜಕೇಂದ್ರವನ್ನು ಕಂಡನು. 1929ರಲ್ಲಿ ಎರಡು ಬಗೆಯ ಯುರೇನಿಯಂಗಳ ಕ್ಷಯವನ್ನು ಹೋಲಿಸಿ, ಭೂಮಿಯ ವಯಸ್ಸು 340 ಕೋಟಿ ವರ್ಷ ಮೀರದೆಂದು ಗಣಿಸಿದನು. ಇಂದಿನ ಲೆಕ್ಕ ಸುಮಾರು 454 ಕೋಟಿ. ಅಂಕಿ ತಪ್ಪಿದರೂ ದಾರಿ ತಪ್ಪಿರಲಿಲ್ಲ. ಅದೇ ದಾರಿಯಲ್ಲಿ ನಡೆದ ಖಗೋಳಜ್ಞರು 2001ರಲ್ಲಿ ಒಂದು ಮುದಿ ನಕ್ಷತ್ರದ ಬೆಳಕಿನಲ್ಲಿ ಯುರೇನಿಯಂನ್ನು ಗುರುತಿಸಿ, ಅದರ ವಯಸ್ಸು ಸುಮಾರು 1250 ಕೋಟಿ ವರ್ಷವೆಂದರು.

1937ರ ಅಕ್ಟೋಬರ್ 19ರಂದು ರುದರ್‌ಫರ್ಡನು ಕಾಲವಶನಾದನು. ವೆಸ್ಟ್‌ಮಿನ್ಸ್ಟರ್ ಅಬೆಯಲ್ಲಿ ಆತನ ಚಿತಾಭಸ್ಮವು ನ್ಯೂಟನ್ ಮತ್ತು ಕೆಲ್ವಿನ್ನರ ಸಮಾಧಿಗಳ ಬಳಿಯಲ್ಲಿದೆ. ಬೇರೊಬ್ಬನು ಬಿಟ್ಟುಕೊಟ್ಟ ಅವಕಾಶವನ್ನು ಹಿಡಿದು ಹೊರಟ ಚಕ್ರ ಮಾಡುವವನ ಮಗನು, ನಕ್ಷತ್ರಗಳ ವಯಸ್ಸನ್ನು ಕೇಳುವ ಬಗೆಯನ್ನು ಲೋಕಕ್ಕೆ ಕಲಿಸಿ ಹೋದನು.