ಬೀದರ್ ಕಟ್ಟಿದ ವ್ಯಾಪಾರಿ: ಖ್ವಾಜಾ ಮಹಮೂದ್ ಗವಾನ್

ಬೀದರ್ ಅಂದರೆ ನಮ್ಮ ಕರಾವಳಿಯ ಹೆಚ್ಚಿನವರಿಗೆ ಕರ್ನಾಟಕದ ಭೂಪಟದಲ್ಲಿ ಎಲ್ಲಕ್ಕಿಂತ ಮೇಲೆ ಕಾಣುವ ಒಂದು ಜಿಲ್ಲೆ, ಅಷ್ಟೇ. ಅಲ್ಲಿಗೆ ಹೋಗಿ ಬಂದವರು ಕಡಿಮೆ. ಹಿಂದುಳಿದ ಜಿಲ್ಲೆ, ಬಿಸಿಲಿನ ಊರು, ಕೆಲಸ ಹುಡುಕಿಕೊಂಡು ಜನ ಹೈದರಾಬಾದಿಗೆ ಹೋಗುವ ಊರು ಎಂಬ ಮಾತುಗಳನ್ನು ಕೇಳಿರ್ತೇವೆ. ಆದರೆ 550 ವರ್ಷಗಳ ಹಿಂದೆ ಇದೇ ಬೀದರಿಗೆ ಇರಾನಿನಿಂದ, ಅರಬ್ ನಾಡಿನಿಂದ ಜನ ಕೆಲಸ, ವ್ಯಾಪಾರ, ವಿದ್ಯೆ ಹುಡುಕಿಕೊಂಡು ಬರ್ತಿದ್ದರು. ಆ ಏಳಿಗೆಯ ಕಾಲಕ್ಕೆ ಮುಖ್ಯ ಆಧಾರವಾಗಿ ಇದ್ದವರು ರಾಜಮನೆತನದವರಲ್ಲ, ಸಮುದ್ರ ದಾಟಿ ಬಂದ ಒಬ್ಬ ವ್ಯಾಪಾರಿ. ಅವರೇ ಖ್ವಾಜಾ ಮಹಮೂದ್ ಗವಾನ್.

ಬ್ಯಾರ ಅಂದರೆ ವ್ಯಾಪಾರ, ಅದರಿಂದಲೇ ಬ್ಯಾರಿ ಎಂಬ ಹೆಸರು ಬಂತು ಎಂದು ನಮ್ಮ ಹಿರಿಯರು ಹೇಳುವುದುಂಟು. ಹಾಗಾಗಿ ಈ ವ್ಯಾಪಾರಿಯ ಕತೆ ನಮಗೆ ತೀರಾ ದೂರದ್ದಲ್ಲ. ವ್ಯಾಪಾರ ಬಲ್ಲ ಒಬ್ಬ ಮನುಷ್ಯ ಒಂದು ಊರಿಗೆ ಏನೆಲ್ಲ ಮಾಡಬಹುದು, ಅವನನ್ನು ಕಳೆದುಕೊಂಡ ಊರು ಏನಾಗ್ತದೆ ಎಂಬುದು ಇದರಲ್ಲಿ ಉಂಟು.

ಗೀಲಾನಿನಿಂದ ದಾಭೋಲಿಗೆ

ಮಹಮೂದ್ ಗವಾನ್ ಹುಟ್ಟಿದ್ದು 1411ರ ಸುಮಾರಿಗೆ, ಇರಾನಿನ ಗೀಲಾನ್ ಪ್ರಾಂತ್ಯದ ಗಾವಾನ್ ಎಂಬ ಹಳ್ಳಿಯಲ್ಲಿ. ಕ್ಯಾಸ್ಪಿಯನ್ ಸಮುದ್ರದ ತೀರದ ಹಸಿರು ನಾಡು ಅದು. ಅವರ ಮನೆತನದವರು ಅಲ್ಲಿನ ಅರಸರಲ್ಲಿ ಮಂತ್ರಿಗಳಾಗಿದ್ದರು. ಆದರೆ ಅರಮನೆಯ ಒಳಜಗಳ, ಚಾಡಿ ಮಾತು ಇವುಗಳಿಂದ ಬೇಸತ್ತು ಅವರು ಊರು ಬಿಟ್ಟರು. ಅಧಿಕಾರದ ದಾರಿ ಬೇಡವೆಂದು ವ್ಯಾಪಾರದ ದಾರಿ ಹಿಡಿದರು. ಊರೂರು ತಿರುಗಿ ವ್ಯಾಪಾರ ಮಾಡುತ್ತಾ, ಹೋದ ಕಡೆಯಲ್ಲೆಲ್ಲ ಆಲಿಮರ ಜೊತೆ ಕೂತು ಕಲಿಯುತ್ತಾ ಬೆಳೆದವರು ಅವರು.

1453ರಲ್ಲಿ, ವಯಸ್ಸು ನಲ್ವತ್ತು ದಾಟಿದ ಮೇಲೆ, ಹಡಗು ಹತ್ತಿ ಕೊಂಕಣದ ದಾಭೋಲ್ ಬಂದರಿಗೆ ಬಂದಿಳಿದರು. ಬೀದರಿನಲ್ಲಿದ್ದ ಸೂಫಿ ಸಂತ ಶಾ ಮುಹಿಬ್ಬುಲ್ಲಾ ಅವರನ್ನು ಕಂಡು, ಅಲ್ಲಿಂದ ದೆಹಲಿಗೆ ಹೋಗುವುದು ಅವರ ಯೋಚನೆಯಾಗಿತ್ತು. ಆದರೆ ಬಹಮನಿ ಸುಲ್ತಾನ ಎರಡನೇ ಅಲಾವುದ್ದೀನ್ ಅಹ್ಮದ್ ಶಾ ಈ ವ್ಯಾಪಾರಿಯ ವಿದ್ಯೆ, ಮಾತು, ನಡತೆ ನೋಡಿ ಇಲ್ಲೇ ಇಟ್ಟುಕೊಂಡರು. ದೆಹಲಿಗೆ ಹೊರಟವರು ಮುಂದಿನ 28 ವರ್ಷ ದಖ್ಖನಿನಲ್ಲೇ ಉಳಿದರು.

ಅವರು ಕಂಡ ಬೀದರ್

ಗುಲ್ಬರ್ಗದಿಂದ ಬೀದರಿಗೆ ರಾಜಧಾನಿ ಬದಲಾಗಿ ಆಗ ಹೆಚ್ಚು ವರ್ಷ ಆಗಿರಲಿಲ್ಲ. ಎತ್ತರದ ಕೆಂಪು ಮುರಕಲ್ಲಿನ ಗುಡ್ಡದ ಮೇಲೆ ಊರು. ಗಾಳಿ ಚೆನ್ನಾಗಿದೆ, ಕೋಟೆಗೆ ಜಾಗ ಚೆನ್ನಾಗಿದೆ, ಆದರೆ ನೀರು? ಅದಕ್ಕೆ ಮಾಡಿದ ಉಪಾಯವನ್ನು ಇವತ್ತಿಗೂ ನೌಬಾದಿನಲ್ಲಿ ನೋಡಬಹುದು. ಈಗ ಬೀದರ್ ನಗರದ ಭಾಗವೇ ಆಗಿರುವ ನೌಬಾದಿನ ನೆಲದಡಿಯಲ್ಲಿ ಕರೇಜ್ ಎಂಬ ಸುರಂಗ ಉಂಟು. ಎತ್ತರದ ಕಡೆ ಒಂದು ತಾಯಿ ಬಾವಿ, ಅಲ್ಲಿಂದ ಸ್ವಲ್ಪವೇ ಇಳಿಜಾರಾಗಿ ಬಂಡೆ ಕೊರೆದ ಕಾಲುವೆ, ನಡುನಡುವೆ ಗಾಳಿ ಬೆಳಕಿಗೆ ಮತ್ತು ನೀರು ಸೇದಲಿಕ್ಕೆ ಬಾವಿಗಳು. ಪಂಪು ಬೇಡ, ಕರೆಂಟು ಬೇಡ, ನೀರು ತಾನಾಗಿ ಹರಿದು ಬರ್ತದೆ. ಕಾಸರಗೋಡು, ಬಂಟ್ವಾಳ ಕಡೆಯ ಗುಡ್ಡದ ಸುರಂಗ ನೀರನ್ನು ಕುಡಿದವರಿಗೆ ಇದು ಬೇಗ ಅರ್ಥ ಆಗ್ತದೆ. ಇರಾನಿನ ಈ ವಿದ್ಯೆ ಬಹಮನಿಗಳ ಕಾಲದಲ್ಲಿ ಬೀದರಿಗೆ ಬಂತು ಎನ್ನುತ್ತಾರೆ.

ಅಂದರೆ ಹೊರಗಿನಿಂದ ಬಂದ ಜ್ಞಾನವನ್ನು ತನ್ನದಾಗಿ ಮಾಡಿಕೊಳ್ಳುವ ಗುಣ ಆ ಊರಿಗೆ ಮೊದಲೇ ಇತ್ತು. ಬಿದ್ರಿ ಕಸುಬೂ ಹಾಗೆಯೇ. ಸತು ಮತ್ತು ತಾಮ್ರದ ಎರಕ, ಅದರ ಮೇಲೆ ಬೆಳ್ಳಿಯ ಕುಸುರಿ, ಕೊನೆಗೆ ಬೀದರ್ ಕೋಟೆಯ ಮಣ್ಣು ತಂದು ಕುದಿಸಿ ಕಪ್ಪು ಬಣ್ಣ ಬರಿಸುವುದು. ಕಲೆ ಹೊರಗಿನದ್ದು, ಮಣ್ಣು ಇಲ್ಲಿಯದ್ದು, ಹೆಸರು ಊರಿನದ್ದೇ ಆಯಿತು.

ಲೆಕ್ಕ ಸರಿಮಾಡಿದ ಮಂತ್ರಿ

ಹುಮಾಯೂನ್ ಶಾ ಕಾಲದಲ್ಲಿ ಗವಾನರಿಗೆ ಮಲಿಕ್ ಉತ್ ತುಜ್ಜಾರ್ ಎಂಬ ಬಿರುದು ಸಿಕ್ಕಿತು. ವ್ಯಾಪಾರಿಗಳ ಮುಖ್ಯಸ್ಥ ಎಂದು ಅದರ ಅರ್ಥ. 1461ರಲ್ಲಿ ಹುಮಾಯೂನ್ ತೀರಿಕೊಂಡಾಗ ಪಟ್ಟಕ್ಕೆ ಬಂದದ್ದು ಎಳೆಯ ಮಗು ನಿಜಾಮ್ ಶಾ. ಆಗ ರಾಜ್ಯವನ್ನು ನೋಡಿಕೊಂಡವರು ಮೂವರು: ರಾಜಮಾತೆ, ಖ್ವಾಜಾ ಜಹಾನ್ ತುರ್ಕ್ ಮತ್ತು ಮಹಮೂದ್ ಗವಾನ್. ಮಾಳ್ವದ ಸೈನ್ಯ ಬೀದರಿನ ತನಕ ನುಗ್ಗಿ ಬಂತು. ಗುಜರಾತಿನ ಸುಲ್ತಾನನ ಸಹಾಯ ತರಿಸಿ ಊರನ್ನು ಉಳಿಸಿಕೊಂಡರು. 1463ರಲ್ಲಿ ಮೂರನೇ ಮುಹಮ್ಮದ್ ಶಾ ಪಟ್ಟಕ್ಕೆ ಬಂದರು. ಮುಂದೆ ಗವಾನರೇ ಪ್ರಧಾನ ಮಂತ್ರಿಯಾದರು.

ಅವರು ಮಾಡಿದ ದೊಡ್ಡ ಕೆಲಸ ಲೆಕ್ಕವನ್ನು ಸರಿಮಾಡಿದ್ದು. ಭೂಮಿಯನ್ನು ಅಳತೆ ಮಾಡಿಸಿ, ಹಳ್ಳಿ ಪಟ್ಟಣಗಳ ಗಡಿ ಗುರುತಿಸಿ, ಕಂದಾಯ ಎಷ್ಟು ಎಂದು ದಾಖಲೆ ಮಾಡಿಸಿದರು. ನಾಲ್ಕು ದೊಡ್ಡ ತರಫ್‌ಗಳಾಗಿದ್ದ ರಾಜ್ಯವನ್ನು ಎಂಟಾಗಿ ವಿಂಗಡಿಸಿದರು. ಪ್ರತಿ ತರಫ್‌ನಲ್ಲೂ ಕೆಲವು ಊರುಗಳ ಕಂದಾಯ ನೇರವಾಗಿ ಖಜಾನೆಗೇ ಬರಬೇಕು ಎಂದು ಇಟ್ಟರು. ಒಬ್ಬ ತರಫ್‌ದಾರನ ಕೈಯಲ್ಲಿ ಒಂದಕ್ಕಿಂತ ಹೆಚ್ಚು ಕೋಟೆ ಇರಕೂಡದು ಎಂದರು. ಸೈನ್ಯದ ಅಧಿಕಾರಿಗಳ ಸಂಬಳ ಹೆಚ್ಚು ಮಾಡಿದರು, ಅದರ ಜೊತೆಗೇ ಕಾಗದದಲ್ಲಿ ತೋರಿಸಿದಷ್ಟು ಸೈನಿಕರು ನಿಜವಾಗಿ ಇಲ್ಲದಿದ್ದರೆ ಅಷ್ಟು ಹಣ ಕಡಿತ ಮಾಡುವ ನಿಯಮ ತಂದರು. ಇಲ್ಲದವರ ಹೆಸರಿನಲ್ಲಿ ಸಂಬಳ ಎತ್ತುವ ಚಾಳಿ ಇವತ್ತಿನದ್ದಲ್ಲ ನೋಡಿ! ಅಂಗಡಿಯ ಲೆಕ್ಕ ಬಲ್ಲವನಿಗೆ ಸರಕಾರದ ಲೆಕ್ಕದ ತೂತು ಎಲ್ಲಿದೆ ಎಂದು ಗೊತ್ತಾಗ್ತದೆ.

ಇದರಿಂದ ಖಜಾನೆ ತುಂಬಿತು, ಶತ್ರುಗಳೂ ಹುಟ್ಟಿಕೊಂಡರು. ಯಾರ ಕೈಯಿಂದ ಕೋಟೆ ಹೋಯಿತೋ, ಯಾರ ಸುಳ್ಳು ಲೆಕ್ಕ ಸಿಕ್ಕಿಬಿತ್ತೋ ಅವರು ಸುಮ್ಮನಿರಲಿಲ್ಲ.

ಎರಡನೆಯದು ಬಂದರು. ಬೀದರ್ ಸಮುದ್ರದಿಂದ ದೂರದ ಊರು. ಕುದುರೆ, ರೇಷ್ಮೆ, ಹೊರದೇಶದ ಸರಕು ಎಲ್ಲ ಪಶ್ಚಿಮ ಕರಾವಳಿಯಿಂದಲೇ ಘಟ್ಟ ಹತ್ತಿ ಬರಬೇಕು. ಕೊಂಕಣದ ಕೆಲವು ಪಾಳೆಯಗಾರರು ಹಡಗುಗಳನ್ನು ದೋಚುತ್ತಿದ್ದರು, ವ್ಯಾಪಾರಿಗಳನ್ನೂ ಹಜ್ಜಿಗೆ ಹೊರಟವರನ್ನೂ ಬಿಡುತ್ತಿರಲಿಲ್ಲ. 1469ರಿಂದ ಗವಾನ್ ಆ ಕಡೆ ದಂಡೆತ್ತಿ ಹೋದರು. ದಟ್ಟ ಕಾಡು, ಮಳೆಗಾಲ, ಕಡಿದಾದ ಘಟ್ಟ. ಮೂರು ವರ್ಷಗಳ ಕಷ್ಟದ ಮೇಲೆ 1472ರಲ್ಲಿ ವಿಜಯನಗರದ ಕೈಯಲ್ಲಿದ್ದ ಗೋವಾ ಬಂದರು ಬಹಮನಿಗಳಿಗೆ ಸಿಕ್ಕಿತು. ಬೀದರಿನ ಪೇಟೆಗೆ ಸಮುದ್ರದ ಬಾಗಿಲು ತೆರೆಯಿತು.

ಇದೇ ಸುಮಾರಿಗೆ ಬೀದರಿಗೆ ಬಂದವರು ರಷ್ಯಾದ ವ್ಯಾಪಾರಿ ಅಫನಾಸಿ ನಿಕಿತಿನ್. ಕುದುರೆ ಮಾರಲಿಕ್ಕೆಂದು ಬಂದವರು. ಊರಿನ ವೈಭವ, ಅಮೀರರ ಮೆರವಣಿಗೆ, ಆನೆ ಕುದುರೆಗಳ ಸಾಲನ್ನೆಲ್ಲ ಬರೆದಿಟ್ಟರು. ಅದರ ಜೊತೆಗೆ ಹಳ್ಳಿಯ ಜನ ತೀರಾ ಬಡವರು, ಅಮೀರರು ಮಾತ್ರ ಸುಖದಲ್ಲಿದ್ದಾರೆ ಎಂದೂ ಬರೆದರು. ಈ ಮಾತನ್ನು ನಾವು ಮುಚ್ಚಿಡಬೇಕಾಗಿಲ್ಲ. ಗವಾನರ ಆಡಳಿತದಲ್ಲೂ ಎಲ್ಲವೂ ಸರಿ ಇರಲಿಲ್ಲ. ಯುದ್ಧಗಳ ಖರ್ಚೂ ಸಣ್ಣದಲ್ಲ. ಭೂಮಿ ಅಳತೆಯ ಕೆಲಸ ಯಾಕೆ ಬೇಕಾಗಿತ್ತು ಎಂಬುದಕ್ಕೆ ನಿಕಿತಿನ್ ಕಂಡ ಆ ಬಡತನವೇ ಉತ್ತರ.

ಮದ್ರಸ

ಗೋವಾ ಸಿಕ್ಕಿದ 1472ರಲ್ಲೇ ಬೀದರಿನ ಪೇಟೆಯ ನಡುವೆ ಅವರ ಮದ್ರಸವೂ ಎದ್ದು ನಿಂತಿತು. ಸುಮಾರು 205 ಅಡಿ ಉದ್ದ, 180 ಅಡಿ ಅಗಲ, ಮೂರು ಅಂತಸ್ತು. ಎದುರು ಎರಡು ಬದಿಯಲ್ಲಿ ಮಿನಾರ, ಗೋಡೆಯ ಮೇಲೆ ನೀಲಿ, ಹಳದಿ, ಬಿಳಿ ಬಣ್ಣದ ಹೊಳೆಯುವ ಹೆಂಚಿನ ಕೆಲಸ. ಒಳಗೆ ಮಸೀದಿ, ಪಾಠದ ಕೋಣೆಗಳು, ಉಸ್ತಾದರಿಗೂ ವಿದ್ಯಾರ್ಥಿಗಳಿಗೂ ವಾಸಕ್ಕೆ ಜಾಗ, 3,000 ಹಸ್ತಪ್ರತಿಗಳ ಗ್ರಂಥಾಲಯ.

ದೂರ ದೂರದ ವಿದ್ವಾಂಸರಿಗೆ ಅವರು ಪತ್ರ ಬರೆದು ಕರೆಸಿದರು. ಪ್ರಸಿದ್ಧ ಕವಿ ಅಬ್ದುರ್ರಹ್ಮಾನ್ ಜಾಮಿ ಅವರಿಗೂ ಆಹ್ವಾನ ಹೋಗಿತ್ತು, ಅವರು ಬರಲಿಲ್ಲ, ಆದರೆ ಪತ್ರ ವ್ಯವಹಾರ ಇತ್ತು. ತುರ್ಕಿಯ ಸುಲ್ತಾನರ ತನಕ ಗವಾನರ ಪತ್ರಗಳು ಹೋಗುತ್ತಿದ್ದವು. ಆ ಪತ್ರಗಳ ಸಂಗ್ರಹ ರಿಯಾಜುಲ್ ಇನ್ಶಾ ಎಂಬ ಹೆಸರಿನಲ್ಲಿ ಈಗಲೂ ಉಂಟು.

ಒಂದು ಶಾಲೆ ಬಂದರೆ ಊರಿಗೆ ಏನೆಲ್ಲ ಬರ್ತದೆ ಎಂದು ಯೋಚಿಸಿ ನೋಡಿ. ಕಾಗದ ಮಾಡುವವನಿಗೆ ಕೆಲಸ, ಪುಸ್ತಕ ನಕಲು ಮಾಡುವವನಿಗೆ, ರಟ್ಟು ಕಟ್ಟುವವನಿಗೆ ಕೆಲಸ. ಅಡುಗೆಯವನಿಗೆ, ದರ್ಜಿಗೆ, ಕಲ್ಲು ಕೆತ್ತುವವನಿಗೆ ಕೆಲಸ. ದೂರದಿಂದ ಬಂದ ವಿದ್ಯಾರ್ಥಿ ಊರಿನ ಹೆಸರನ್ನು ಹೊತ್ತುಕೊಂಡು ಹಿಂದೆ ಹೋಗ್ತಾನೆ. ಲೆಕ್ಕ, ಬಂದರು, ವಿದ್ಯೆ ಈ ಮೂರನ್ನು ಬೇರೆ ಬೇರೆಯಾಗಿ ನೋಡದೆ ಒಟ್ಟಿಗೆ ಕಟ್ಟಿದ್ದೇ ಅವರ ದೊಡ್ಡತನ.

ಒಂದು ಕಾಗದ

ಅರಮನೆಯಲ್ಲಿ ಎರಡು ಪಂಗಡ ಇತ್ತು. ಇಲ್ಲಿಯವರೇ ಆದ ದಖ್ಖನಿಗಳು ಮತ್ತು ಹೊರಗಿನಿಂದ ಬಂದ ಆಫಾಕಿಗಳು. ಗವಾನ್ ಹೊರಗಿನವರಾದರೂ ಎಂಟು ತರಫ್‌ಗಳನ್ನು ಎರಡೂ ಕಡೆಯವರಿಗೆ ಹಂಚಿದ್ದರು. ಆದರೂ ಹೊಟ್ಟೆಕಿಚ್ಚು ಆರಲಿಲ್ಲ. ನಿಜಾಮುಲ್ ಮುಲ್ಕ್ ಹಸನ್ ಬಹ್ರಿ ಎಂಬ ದೊಡ್ಡ ಸರದಾರನ ಗುಂಪು ಉಪಾಯ ಹೂಡಿತು. ಗವಾನರ ಮೊಹರು ಇಟ್ಟುಕೊಳ್ಳುವ ಗುಲಾಮನನ್ನು ಒಳಗೆ ಹಾಕಿಕೊಂಡು ಖಾಲಿ ಕಾಗದಕ್ಕೆ ಮೊಹರು ಒತ್ತಿಸಿದರು. ಸುಲ್ತಾನನ ವಿರುದ್ಧ ದಂಡೆತ್ತಿ ಬನ್ನಿ ಎಂದು ಒರಿಸ್ಸಾದ ಅರಸನಿಗೆ ಗವಾನ್ ಬರೆದ ಹಾಗೆ ಅದರಲ್ಲಿ ಬರೆದರು. ನಂತರ ಆ ಕಾಗದ ಸುಲ್ತಾನನ ಕೈಗೆ ಸಿಗುವ ಹಾಗೆ ಮಾಡಿದರು.

ಆಗ ಸುಲ್ತಾನ ಈಗಿನ ಆಂಧ್ರದ ಕೊಂಡಪಲ್ಲಿಯ ದಂಡಿನ ಶಿಬಿರದಲ್ಲಿದ್ದ. ಕುಡಿತದ ಅಮಲು ಬೇರೆ. ಗವಾನರಿಗೆ ಕರೆ ಬಂತು. ಹೋಗಬೇಡಿ, ಗುಜರಾತಿಗೆ ತಪ್ಪಿಸಿಕೊಳ್ಳಿ ಎಂದು ಸ್ನೇಹಿತರು ಹೇಳಿದರೂ ಅವರು ಕೇಳಲಿಲ್ಲ. ಮೊಹರು ತನ್ನದೇ, ಬರಹ ತನ್ನದಲ್ಲ ಎಂದು ಸುಲ್ತಾನನಿಗೆ ತಿಳಿಸಿದರು. ಸುಲ್ತಾನ ವಿಚಾರಣೆ ಮಾಡಲಿಲ್ಲ, ಕಾಗದ ತಂದವನನ್ನು ಪ್ರಶ್ನಿಸಲಿಲ್ಲ. 1481ರ ಎಪ್ರಿಲ್ 5ರಂದು ಎಪ್ಪತ್ತರ ವಯಸ್ಸಿನ ಆ ಮಂತ್ರಿಯ ತಲೆ ತೆಗೆಸಿದ.

ನಂತರ ಅವರ ಆಸ್ತಿ ಹುಡುಕಿಸಿದರು. ಇಷ್ಟು ವರ್ಷ ಖಜಾನೆ ನೋಡಿಕೊಂಡವರಲ್ಲವಾ, ರಾಶಿ ರಾಶಿ ಸಿಗಬಹುದು ಎಂದುಕೊಂಡಿದ್ದರು. ಇತಿಹಾಸಕಾರ ಫಿರಿಶ್ತಾ ಬರೆದ ಪ್ರಕಾರ ಗವಾನ್ ಎರಡು ಬೇರೆ ಬೇರೆ ಖಜಾನೆ ಇಟ್ಟಿದ್ದರು. ಒಂದು ಸೈನ್ಯ ಮತ್ತು ಅಧಿಕಾರದ ಖರ್ಚಿಗೆ, ಇನ್ನೊಂದು ಬಡವರಿಗೆ. ಬಡವರ ಖಜಾನೆಯಲ್ಲಿ ಉಳಿದದ್ದು 300 ಲಾರಿ ನಾಣ್ಯ. ಊರಿನಿಂದ ಬರುವಾಗ ತಂದ 40,000 ಲಾರಿಯನ್ನು ವ್ಯಾಪಾರದಲ್ಲಿ ತೊಡಗಿಸಿ, ಅದರ ಲಾಭದಲ್ಲೇ ತನ್ನ ಊಟ ಬಟ್ಟೆಯ ಖರ್ಚು ನೋಡಿಕೊಂಡು ಉಳಿದದ್ದನ್ನು ದಾನ ಮಾಡ್ತಿದ್ದರು. ಇದನ್ನು ಕೇಳಿದ ಮೇಲೆ ಸುಲ್ತಾನನಿಗೆ ತಾನು ಮಾಡಿದ ಅನ್ಯಾಯ ಗೊತ್ತಾಯಿತು. ಪಶ್ಚಾತ್ತಾಪದಲ್ಲೇ ಒಂದು ವರ್ಷದೊಳಗೆ ಅವನೂ ತೀರಿಹೋದ.

ಸುದ್ದಿ ತಂದವನನ್ನು ಪರಿಶೀಲಿಸದೆ ನಂಬಬೇಡಿ ಎಂಬ ಪಾಠ ನಮ್ಮ ಮಕ್ಕಳಿಗೆ ಸಣ್ಣ ತರಗತಿಯಲ್ಲೇ ಹೇಳಿಕೊಡ್ತೇವೆ. ಸುಲ್ತಾನನಿಗೂ ಗೊತ್ತಿರಲೇಬೇಕು. ಗೊತ್ತಿದ್ದೂ ಮಾಡದಿದ್ದುದಕ್ಕೆ ಇಡೀ ರಾಜ್ಯ ಬೆಲೆ ತೆತ್ತಿತು. 1490ರ ಹೊತ್ತಿಗೆ ಬಿಜಾಪುರ, ಅಹ್ಮದ್‌ನಗರ, ಬೀರಾರ್ ಬೇರೆಯಾದವು. ಗವಾನರ ನೆರಳಿನಲ್ಲಿ ಬೆಳೆದ ಯೂಸುಫ್ ಆದಿಲ್ ಖಾನರೇ ಬಿಜಾಪುರದಲ್ಲಿ ಸ್ವತಂತ್ರರಾದರು. ಮುಂದೆ ಗೋಲ್ಕೊಂಡವೂ ಹೋಯಿತು. ಬೀದರಿಗೆ ಉಳಿದದ್ದು ಸುತ್ತಲಿನ ಸಣ್ಣ ಸೀಮೆ ಮಾತ್ರ.

ಇವತ್ತಿನ ಬೀದರ್

ಮದ್ರಸದ ಕತೆಯೂ ಹಾಗೆಯೇ. ಔರಂಗಜೇಬ್ ಕಾಲದಲ್ಲಿ ಅದರೊಳಗೆ ಸಿಡಿಮದ್ದು ಇಟ್ಟಿದ್ದರು. 1696ರಲ್ಲಿ ಅದು ಸ್ಫೋಟವಾಗಿ ಕಟ್ಟಡದ ಒಂದು ಬದಿ ಹಾರಿಹೋಯಿತು. ಈಗ ಒಂದು ಮಿನಾರ ಮಾತ್ರ ನಿಂತಿದೆ. ಪುಸ್ತಕದ ಜಾಗಕ್ಕೆ ಮದ್ದು ಬಂದರೆ ಏನಾಗ್ತದೆ ಎಂಬುದಕ್ಕೆ ಬೇರೆ ಉದಾಹರಣೆ ಬೇಡ.

ಇವತ್ತಿನ ಬೀದರಿನ ಸಮಸ್ಯೆ ಬೇರೆ ರೂಪದ್ದು. ನಗರದ ಹೊರಗೆ ಕೊಳಾರ ಕೈಗಾರಿಕಾ ಪ್ರದೇಶ ಮಾಡಿದ್ದಾರೆ. ಅಲ್ಲಿ ಬಾಗಿಲು ಹಾಕಿದ ಕಾರ್ಖಾನೆಗಳೂ ಉಂಟು, ನಡೆಯುವ ರಾಸಾಯನಿಕ ಘಟಕಗಳ ಹೊಗೆ ಮತ್ತು ನೀರಿನ ಬಗ್ಗೆ ಅಕ್ಕಪಕ್ಕದ ಹಳ್ಳಿಯವರ ದೂರೂ ಉಂಟು. ಕಬ್ಬು ಬೆಳೆಯುವ ರೈತರಿಗೆ ಆಧಾರವಾಗಿದ್ದ ಹಳ್ಳಿಖೇಡದ ಸಹಕಾರಿ ಸಕ್ಕರೆ ಕಾರ್ಖಾನೆ ವರ್ಷಗಟ್ಟಲೆ ನಿಂತುಹೋಯಿತು. ಭಾಲ್ಕಿ, ಔರಾದ್ ತಾಲೂಕುಗಳ ಯುವಕರು ಹೈದರಾಬಾದ್, ಪುಣೆ, ಮುಂಬೈಗೆ ಕೂಲಿಗೆ ಹೋಗ್ತಾರೆ. ಒಂದು ಕಾಲದಲ್ಲಿ ಇರಾನಿನಿಂದ ಜನ ಬರುತ್ತಿದ್ದ ಊರು ಇದು.

ಆದರೆ ಎದ್ದು ನಿಲ್ಲುವ ಗುರುತುಗಳೂ ಇವೆ, ಮತ್ತು ಅವು ಗವಾನ್ ತೋರಿಸಿದ ದಾರಿಯಲ್ಲೇ ಇವೆ. 2010ರ ನಂತರದ ವರ್ಷಗಳಲ್ಲಿ ಸಂಶೋಧಕರು ಮತ್ತು ಜಿಲ್ಲಾಡಳಿತ ಸೇರಿ ನೌಬಾದಿನ ಕರೇಜಿನ ಹೂಳು ತೆಗೆಸಿದರು, ನೀರು ಮತ್ತೆ ಕಂಡಿತು. ಬಿದ್ರಿ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. 1989ರಲ್ಲಿ ಸಣ್ಣದಾಗಿ ಶುರುವಾದ ಶಾಹೀನ್ ಶಿಕ್ಷಣ ಸಂಸ್ಥೆಗೆ ಇವತ್ತು ಬೇರೆ ಬೇರೆ ರಾಜ್ಯಗಳ ಮಕ್ಕಳು ಬರ್ತಾರೆ. ಮಕ್ಕಳು ಬಂದರೆ ಹಾಸ್ಟೆಲ್, ಮೆಸ್, ಪುಸ್ತಕದಂಗಡಿ, ಆಟೊ ಎಲ್ಲದಕ್ಕೂ ಕೆಲಸ ಬರ್ತದೆ. ಸರಕಾರ ಜಾಗ ಕೊಟ್ಟು ಕಾರ್ಖಾನೆ ಬರಲಿ ಎಂದು ಕಾದು ಕೂತದ್ದಕ್ಕಿಂತ, ಊರಿನ ನೀರು, ಊರಿನ ಕಸುಬು, ಊರಿನ ಶಾಲೆಯನ್ನು ಗಟ್ಟಿ ಮಾಡಿದ್ದು ಹೆಚ್ಚು ಫಲ ಕೊಟ್ಟಿದೆ. ಕಾರ್ಖಾನೆ ಬೇಡ ಎಂದಲ್ಲ. ಬಂದ ಕಾರ್ಖಾನೆ ಉಳಿಯಬೇಕಾದರೂ ಕಲಿತ ಕೈಗಳು ಮತ್ತು ಸರಿಯಾದ ಲೆಕ್ಕ ಬೇಕೇ ಬೇಕು.

ಗವಾನರ ಮಯ್ಯಿತ್ತನ್ನು ಕೊಂಡಪಲ್ಲಿಯಿಂದ ಬೀದರಿಗೆ ತಂದು ನಗರದ ಹೊರಗೆ ಗೋರ್ನಳ್ಳಿಯ ಹತ್ತಿರ ದಫನ ಮಾಡಿದರು. ಸುಲ್ತಾನರಿಗೆಲ್ಲ ಅಷ್ಟೂರಿನಲ್ಲಿ ದೊಡ್ಡ ದೊಡ್ಡ ಗುಮ್ಮಟಗಳಿವೆ, ಊರು ಕಟ್ಟಿದ ಈ ಮಂತ್ರಿಗೆ ಸಾದಾ ಗೋರಿ. ಬೀದರಿಗೆ ಹೋದವರು ಕೋಟೆ ನೋಡಿ ಹಿಂದೆ ಬರಬೇಡಿ. ಮದ್ರಸದ ಒಂಟಿ ಮಿನಾರವನ್ನೂ, ನೌಬಾದಿನ ನೀರನ್ನೂ, ಆ ಸಾದಾ ಗೋರಿಯನ್ನೂ ಮಕ್ಕಳಿಗೆ ತೋರಿಸಿ ಬನ್ನಿ.