ಉಣ್ಣೆಯ ದೊರೆ ಕಟ್ಟಿದ ಊರು: ಸರ್ ಟೈಟಸ್ ಸಾಲ್ಟ್ ಬದುಕು

1853ರ ಸೆಪ್ಟೆಂಬರ್ 20. ಇಂಗ್ಲೆಂಡಿನ ಯಾರ್ಕ್‌ಷೈರ್‌ನಲ್ಲಿ ಹರಿಯುವ ಏರ್ ನದಿಯ ದಂಡೆಯ ಮೇಲೆ ಅಂದು ಭಾರೀ ಔತಣ. ಆಗಷ್ಟೇ ಕಟ್ಟಿ ಮುಗಿಸಿದ್ದ ಉಣ್ಣೆ ಗಿರಣಿಯ ವಿಶಾಲ ಶೆಡ್ಡಿನಲ್ಲಿ ಸುಮಾರು ಮೂರೂವರೆ ಸಾವಿರ ಮಂದಿಗೆ ಊಟದ ಏರ್ಪಾಟಾಗಿತ್ತು. ಅವರಲ್ಲಿ ಹೆಚ್ಚಿನವರು ಗಿರಣಿ ಕಾರ್ಮಿಕರು. ಗಿರಣಿಯ ಒಡೆಯನಿಗೆ ಅಂದೇ 50 ವರ್ಷ ತುಂಬಿತ್ತು. ಈ ವಯಸ್ಸಿಗೆ ವ್ಯಾಪಾರದಿಂದ ನಿವೃತ್ತನಾಗಿ ಹಳ್ಳಿಗಾಡಿನ ಬಂಗಲೆಯಲ್ಲಿ ನೆಮ್ಮದಿಯಾಗಿ ಇರಬೇಕೆಂದು ಹಿಂದೊಮ್ಮೆ ಯೋಚಿಸಿದ್ದ ಆತ, ಅದೇ ದಿನ ಬದುಕಿನ ಅತಿ ದೊಡ್ಡ ಸಾಹಸಕ್ಕೆ ಕೈಹಾಕಿದ್ದ.

ಆತನ ಹೆಸರು ಟೈಟಸ್ ಸಾಲ್ಟ್. ಆ ಗಿರಣಿಯ ಪಕ್ಕದಲ್ಲಿ ಮುಂದಿನ ಎರಡು ದಶಕಗಳಲ್ಲಿ ಒಂದು ಊರೇ ತಲೆಯೆತ್ತಿತು. ತನ್ನ ಹೆಸರನ್ನೂ ನದಿಯ ಹೆಸರನ್ನೂ ಬೆಸೆದು ಆತ ಅದಕ್ಕೆ ಸಾಲ್ಟೇರ್ ಎಂದು ಹೆಸರಿಟ್ಟ. ಕಾರ್ಮಿಕರಿಗಾಗಿ ಉದ್ಯಮಿಯೊಬ್ಬ ಕಟ್ಟಿಸಿದ ಊರುಗಳ ಮಾತು ಬಂದಾಗಲೆಲ್ಲ ಇಂದಿಗೂ ಮೊದಲ ಸಾಲಿನಲ್ಲಿ ಕೇಳಿಬರುವ ಹೆಸರು ಅದು. ಆದರೆ ಆ ಊರಿನ ಕಥೆಯಲ್ಲಿ ಔದಾರ್ಯದ ಜೊತೆಗೆ ಒಂದು ಬಿಗಿಹಿಡಿತವೂ ಇದೆ.

ಯಾರಿಗೂ ಬೇಡವಾದ ಉಣ್ಣೆ

ಸಾಲ್ಟ್ ಹುಟ್ಟಿದ್ದು 1803ರಲ್ಲಿ, ಲೀಡ್ಸ್ ಬಳಿಯ ಮಾರ್ಲಿಯಲ್ಲಿ. ತಂದೆ ಡೇನಿಯಲ್ ಸಾಲ್ಟ್ ವ್ಯಾಪಾರಿ, ಕೆಲಕಾಲ ಬೇಸಾಯವನ್ನೂ ಮಾಡಿದವನು. 1822ರಲ್ಲಿ ಕುಟುಂಬ ಬ್ರಾಡ್‌ಫರ್ಡ್ ಪಟ್ಟಣಕ್ಕೆ ಬಂದು ನೆಲೆಸಿತು. ಉಣ್ಣೆಯನ್ನು ಕೊಂಡು, ವಿಂಗಡಿಸಿ, ನೂಲುವವರಿಗೆ ಮಾರುವ ಕಸುಬನ್ನು ಕಲಿತ ಟೈಟಸ್ ತಂದೆಯ ವ್ಯಾಪಾರದಲ್ಲಿ ಪಾಲುದಾರನಾದ. 1830ರಲ್ಲಿ ಕ್ಯಾರೊಲಿನ್ ವಿಟ್ಲಮ್ ಎಂಬಾಕೆಯನ್ನು ವರಿಸಿದ. ದಂಪತಿಗೆ 11 ಮಕ್ಕಳು.

ಇತರರು ಮುಟ್ಟದ ಸರಕಿನಲ್ಲಿ ಲಾಭ ಕಾಣುವ ಕಣ್ಣು ಸಾಲ್ಟ್‌ಗಿತ್ತು. ರಷ್ಯದಿಂದ ಬರುತ್ತಿದ್ದ ಡಾನ್‌ಸ್ಕಾಯ್ ಎಂಬ ಒರಟು ಉಣ್ಣೆಯನ್ನು ನೂಲಲು ಬ್ರಾಡ್‌ಫರ್ಡ್‌ನ ಗಿರಣಿಗಳು ಒಪ್ಪದಿದ್ದಾಗ ಆತ ತಾನೇ ಗಿರಣಿ ಹೂಡಿ ನೂತು ತೋರಿಸಿದ. ಆದರೆ ಆತನ ಅದೃಷ್ಟದ ಬಾಗಿಲು ತೆರೆದದ್ದು 1836ರ ಸುಮಾರಿಗೆ. ಲಿವರ್‌ಪೂಲ್ ಬಂದರಿನ ಗೋದಾಮಿನಲ್ಲಿ ಕೊಳ್ಳುವವರಿಲ್ಲದೆ ಬಿದ್ದಿದ್ದ ಅಲ್ಪಾಕ ಉಣ್ಣೆಯ ಮೂಟೆಗಳು ಆತನ ಕಣ್ಣಿಗೆ ಬಿದ್ದವು. ಅಲ್ಪಾಕ ದಕ್ಷಿಣ ಅಮೆರಿಕದ ಪೆರು ಮುಂತಾದ ಕಡೆ ಸಾಕುವ, ಒಂಟೆಯ ಕುಲಕ್ಕೆ ಸೇರಿದ ಪ್ರಾಣಿ. ಅದರ ಉಣ್ಣೆ ಉದ್ದ, ನಯ, ಹೊಳಪುಳ್ಳದ್ದು. ಅದನ್ನು ಯಂತ್ರದಲ್ಲಿ ನೂಲುವ ಬಗೆಯನ್ನು ಸಾಲ್ಟ್ ಹಲವು ಪ್ರಯೋಗಗಳಿಂದ ಕಂಡುಕೊಂಡ. ಹತ್ತಿ ಅಥವಾ ರೇಷ್ಮೆಯ ಹಾಸಿಗೆ ಅಲ್ಪಾಕದ ಹೊಕ್ಕು ಸೇರಿಸಿ ನೇಯ್ದ ಹೊಳಪಿನ ಬಟ್ಟೆ ಹೆಂಗಸರ ಉಡುಪಿಗೆ ಹೇಳಿಮಾಡಿಸಿದಂತಿತ್ತು. ವಿಕ್ಟೋರಿಯಾ ರಾಣಿ ತಾನು ಸಾಕಿದ್ದ ಅಲ್ಪಾಕಗಳ ಉಣ್ಣೆಯನ್ನು ಬಟ್ಟೆ ಮಾಡಿಸಲು ಕಳುಹಿಸಿದ್ದೂ ಸಾಲ್ಟ್‌ನ ಗಿರಣಿಗೇ.

ಹೊಗೆಯ ಪಟ್ಟಣ

ಸಾಲ್ಟ್ ಶ್ರೀಮಂತನಾದಷ್ಟೇ ವೇಗದಲ್ಲಿ ಬ್ರಾಡ್‌ಫರ್ಡ್ ಕೊಳಕಾಯಿತು. ಶತಮಾನದ ಆರಂಭದಲ್ಲಿ ಸುಮಾರು 13 ಸಾವಿರದಷ್ಟಿದ್ದ ಜನಸಂಖ್ಯೆ 1851ರ ವೇಳೆಗೆ ಒಂದು ಲಕ್ಷ ದಾಟಿತ್ತು. ಗಿರಣಿಗಳ ಚಿಮಣಿಗಳು ಹಗಲಿರುಳು ಹೊಗೆ ಕಾರುತ್ತಿದ್ದವು. ಒಳಚರಂಡಿಯಿಲ್ಲದ ಬೀದಿಗಳ ಹೊಲಸು ಕುಡಿಯುವ ನೀರಿಗೂ ಸೇರುತ್ತಿತ್ತು. ಒಂದೊಂದು ಕೋಣೆಯಲ್ಲಿ ಇಡೀ ಕುಟುಂಬಗಳು ವಾಸವಾಗಿದ್ದವು.

1848ರಲ್ಲಿ ಸಾಲ್ಟ್ ಬ್ರಾಡ್‌ಫರ್ಡ್‌ನ ಮೇಯರ್ ಆದ. ಮರುವರ್ಷವೇ ಪಟ್ಟಣಕ್ಕೆ ಕಾಲರಾ ನುಗ್ಗಿ ನೂರಾರು ಮಂದಿಯನ್ನು ಬಲಿ ತೆಗೆದುಕೊಂಡಿತು. ಹೊಗೆಯನ್ನು ತಗ್ಗಿಸುವ ಸಾಧನವನ್ನು ಸಾಲ್ಟ್ ತನ್ನ ಗಿರಣಿಗಳಲ್ಲಿ ಅಳವಡಿಸಿದ್ದ. ಉಳಿದ ಮಾಲೀಕರೂ ಅದನ್ನು ಬಳಸಲೆಂದು ಆತ ಮಾಡಿದ ಪ್ರಯತ್ನಕ್ಕೆ ಸಹೋದ್ಯಮಿಗಳು ಸೊಪ್ಪು ಹಾಕಲಿಲ್ಲ. ಪಟ್ಟಣವನ್ನು ತಿದ್ದುವುದು ಸಾಧ್ಯವಿಲ್ಲವೆಂದು ಕಂಡಾಗ ಆತ ಪಟ್ಟಣವನ್ನೇ ಬಿಟ್ಟು ಹೊರನಡೆದ. ಬೇರೆ ಬೇರೆ ಕಡೆ ಹರಡಿದ್ದ ತನ್ನ ಗಿರಣಿಗಳನ್ನು ಒಂದೇ ಸೂರಿನಡಿ ತರಲು ಐದಾರು ಕಿಲೋಮೀಟರ್ ದೂರದ ಶಿಪ್ಲಿ ಬಳಿ ಜಾಗ ಆರಿಸಿದ.

ಆ ಆಯ್ಕೆಯಲ್ಲಿ ಕರುಣೆಯಷ್ಟೇ ಲೆಕ್ಕಾಚಾರವೂ ಇತ್ತು. ಒಂದು ಬದಿಗೆ ಲೀಡ್ಸ್-ಲಿವರ್‌ಪೂಲ್ ಕಾಲುವೆ, ಇನ್ನೊಂದು ಬದಿಗೆ ರೈಲುಮಾರ್ಗ. ಕಚ್ಚಾ ಉಣ್ಣೆ ಬರಲು, ಬಟ್ಟೆ ಹೋಗಲು ಇದಕ್ಕಿಂತ ಅನುಕೂಲದ ತಾಣ ಸಿಗುವಂತಿರಲಿಲ್ಲ. ಲಾಕ್‌ವುಡ್ ಮತ್ತು ಮಾಸನ್ ಎಂಬ ವಾಸ್ತುಶಿಲ್ಪಿಗಳು ಇಟಲಿಯ ಅರಮನೆಗಳ ಶೈಲಿಯಲ್ಲಿ ಗಿರಣಿಯನ್ನು ರೂಪಿಸಿದರು. ಅದರ ಮುಂಭಾಗದ ಉದ್ದ 545 ಅಡಿ.

850 ಮನೆಗಳು, ಒಬ್ಬನೇ ಒಡೆಯ

ಗಿರಣಿಯ ಬೆನ್ನಿಗೇ ಮನೆಗಳ ಕೆಲಸ ಆರಂಭವಾಯಿತು. ಸುಮಾರು 850 ಕಲ್ಲಿನ ಮನೆಗಳು ಸಾಲುಸಾಲಾಗಿ ಎದ್ದವು. ನೀರು, ಅನಿಲದ ದೀಪ, ಪ್ರತಿ ಮನೆಗೂ ಪ್ರತ್ಯೇಕ ಶೌಚಾಲಯ. ಬ್ರಾಡ್‌ಫರ್ಡ್‌ನ ಕೊಳೆಗೇರಿಯಿಂದ ಬಂದ ಕುಟುಂಬಕ್ಕೆ ಇವು ಕನಸಿನ ಮಾತಾಗಿದ್ದವು. 1859ರಲ್ಲಿ ಚರ್ಚ್, 1863ರಲ್ಲಿ ಸ್ನಾನಗೃಹ ಮತ್ತು ಬಟ್ಟೆ ಒಗೆಯುವ ಕಟ್ಟಡ, 1868ರಲ್ಲಿ ಶಾಲೆ, ಆಸ್ಪತ್ರೆ ಹಾಗೂ ವೃದ್ಧರಿಗಾಗಿ 45 ಉಚಿತ ಮನೆಗಳು, 1871ರಲ್ಲಿ ಉದ್ಯಾನ ಮತ್ತು ಗ್ರಂಥಾಲಯವುಳ್ಳ ಸಭಾಭವನ ಬಂದವು. ಬೀದಿಗಳಿಗೆ ಪತ್ನಿಯ ಹೆಸರನ್ನೂ ಮಕ್ಕಳ ಹೆಸರುಗಳನ್ನೂ ಇಡಲಾಯಿತು. ವಾಸ್ತುಶಿಲ್ಪಿಗಳಿಗೂ ಒಂದೊಂದು ಬೀದಿ ದಕ್ಕಿತು.

ಆದರೆ ಈ ಮನೆಗಳಲ್ಲಿ ಒಂದೂ ಕಾರ್ಮಿಕರ ಸ್ವಂತದ್ದಾಗಿರಲಿಲ್ಲ. ಎಲ್ಲವೂ ಬಾಡಿಗೆಯವು. ಕೂಲಿ ಕೊಡುವ ಕೈಯೇ ಬಾಡಿಗೆಯನ್ನೂ ಪಡೆಯುತ್ತಿತ್ತು. ಮೇಲ್ವಿಚಾರಕರಿಗೆ ದೊಡ್ಡ ಮನೆ, ಸಾಮಾನ್ಯ ಕೆಲಸಗಾರರಿಗೆ ಚಿಕ್ಕ ಮನೆ. ಗಿರಣಿಯೊಳಗಿನ ಮೇಲುಕೀಳು ಬೀದಿಯಲ್ಲೂ ಎದ್ದು ಕಾಣುತ್ತಿತ್ತು. ಊರಿನೊಳಗೆ ಮದ್ಯದಂಗಡಿಗೆ ಅವಕಾಶವಿರಲಿಲ್ಲ. ಬೀದಿಗೆ ಅಡ್ಡಲಾಗಿ ಒದ್ದೆ ಬಟ್ಟೆ ಒಣಹಾಕುವುದೂ ಸಾಲ್ಟ್‌ಗೆ ಹಿಡಿಸುತ್ತಿರಲಿಲ್ಲ. ಆಗಿನ ಕಾನೂನಿನ ಪ್ರಕಾರ ಚಿಕ್ಕ ಮಕ್ಕಳು ಅರ್ಧ ದಿನ ಶಾಲೆಯಲ್ಲಿ, ಅರ್ಧ ದಿನ ಗಿರಣಿಯಲ್ಲಿ ಇರಬಹುದಿತ್ತು. ಸಾಲ್ಟೇರ್ ಕೂಡ ಈ ಪದ್ಧತಿಗೆ ಹೊರತಾಗಿರಲಿಲ್ಲ.

ಸಂಪತ್ತಿನ ಬೆಲೆಯನ್ನು ತೆತ್ತವರು ಇನ್ನೂ ಇದ್ದರು. ಕೈಯಿಂದ ಉಣ್ಣೆ ಬಾಚಿ ಬದುಕುತ್ತಿದ್ದ ಸಾವಿರಾರು ಕುಟುಂಬಗಳು ಬಾಚುವ ಯಂತ್ರಗಳು ಬಂದಮೇಲೆ ಬೀದಿಪಾಲಾದವು. ಅಲ್ಪಾಕ ಹಾಗೂ ಮೊಹೇರ್ ಉಣ್ಣೆಯನ್ನು ವಿಂಗಡಿಸುತ್ತಿದ್ದವರಲ್ಲಿ ಕೆಲವರು ಇದ್ದಕ್ಕಿದ್ದಂತೆ ಕಾಯಿಲೆ ಬಿದ್ದು ಕೆಲವೇ ದಿನಗಳಲ್ಲಿ ಸಾಯುತ್ತಿದ್ದರು. ಅದು ಉಣ್ಣೆಯೊಂದಿಗೆ ಬಂದ ಆಂಥ್ರಾಕ್ಸ್ ರೋಗವೆಂದು ಬ್ರಾಡ್‌ಫರ್ಡ್‌ನ ವೈದ್ಯ ಜಾನ್ ಹೆನ್ರಿ ಬೆಲ್ ತೋರಿಸಿಕೊಟ್ಟಾಗ ಸಾಲ್ಟ್ ತೀರಿಕೊಂಡು ಕೆಲವು ವರ್ಷಗಳೇ ಕಳೆದಿದ್ದವು.

ಸಂಸತ್ತು, ಬಿರುದು, ಸಾವು

ಸಾಲ್ಟ್ ಮಿತಭಾಷಿ. 1859ರಲ್ಲಿ ಲಿಬರಲ್ ಪಕ್ಷದಿಂದ ಬ್ರಾಡ್‌ಫರ್ಡ್‌ನ ಸಂಸತ್ ಸದಸ್ಯನಾಗಿ ಆರಿಸಿಬಂದರೂ ಸಂಸತ್ತಿನ ವಾತಾವರಣ ಒಗ್ಗಲಿಲ್ಲ. ಆರೋಗ್ಯವೂ ಕೈಕೊಟ್ಟಿತು. 1861ರಲ್ಲಿ ರಾಜೀನಾಮೆ ಕೊಟ್ಟು ಊರಿಗೆ ಮರಳಿದ. 1869ರಲ್ಲಿ ಆತನಿಗೆ ಬ್ಯಾರನೆಟ್ ಪದವಿ ದೊರೆಯಿತು. ತಂದೆಯಿಂದ ಮಗನಿಗೆ ವಂಶಪಾರಂಪರ್ಯವಾಗಿ ಸಲ್ಲುವ, ಹೆಸರಿನ ಹಿಂದೆ ಸರ್ ಎಂದು ಸೇರಿಸಿಕೊಳ್ಳಲು ಅವಕಾಶ ನೀಡುವ ಗೌರವ ಅದು. 1874ರಲ್ಲಿ, ಆತ ಬದುಕಿರುವಾಗಲೇ, ಬ್ರಾಡ್‌ಫರ್ಡ್‌ನಲ್ಲಿ ಆತನ ಪ್ರತಿಮೆ ಸ್ಥಾಪನೆಯಾಯಿತು.

ಚರ್ಚುಗಳು, ಶಾಲೆಗಳು, ಆಸ್ಪತ್ರೆಗಳು, ಅನಾಥಾಲಯಗಳಿಗೆ ಆತ ನೀಡಿದ ದಾನ ಐದು ಲಕ್ಷ ಪೌಂಡ್‌ಗಳಷ್ಟಿರಬಹುದು ಎಂಬ ಅಂದಾಜಿದೆ. 1876ರ ಡಿಸೆಂಬರ್ 29ರಂದು ಸಾಲ್ಟ್ ಕೊನೆಯುಸಿರೆಳೆದ. ಅಂತ್ಯಯಾತ್ರೆಯ ದಾರಿಯುದ್ದಕ್ಕೂ ನಿಂತವರ ಸಂಖ್ಯೆ ಒಂದು ಲಕ್ಷವೆಂದು ಅಂದಾಜಿಸಲಾಯಿತು. ತಾನೇ ಕಟ್ಟಿಸಿದ ಚರ್ಚಿಗೆ ಹೊಂದಿಕೊಂಡ ಸಮಾಧಿ ಮಂದಿರದಲ್ಲಿ ಆತನನ್ನು ಇರಿಸಲಾಯಿತು.

ಒಡೆಯನ ನಂತರ

ತಂದೆ ಕಟ್ಟಿದ ಸಾಮ್ರಾಜ್ಯವನ್ನು ಮಕ್ಕಳು ಹೆಚ್ಚು ಕಾಲ ಹಿಡಿದಿಡಲಾಗಲಿಲ್ಲ. ಹೆಂಗಸರ ಉಡುಪಿನ ಅಭಿರುಚಿ ಬದಲಾಯಿತು. ಉದ್ಯಮದ ಹೊಣೆ ಹೊತ್ತಿದ್ದ ಕಿರಿಯ ಟೈಟಸ್ 1887ರಲ್ಲಿ ತೀರಿಕೊಂಡ. 1890ರಲ್ಲಿ ಅಮೆರಿಕ ಹೇರಿದ ಆಮದು ಸುಂಕ ಮತ್ತೊಂದು ಪೆಟ್ಟು ಕೊಟ್ಟಿತು. 1892ರಲ್ಲಿ ಕಂಪನಿ ದಿವಾಳಿಯಂಚಿಗೆ ಬಂದು ಗಿರಣಿಯೂ ಊರೂ ಬೇರೆ ಉದ್ಯಮಿಗಳ ಪಾಲಾದವು. ಸ್ಥಾಪಕ ಸತ್ತು ಆಗಿನ್ನೂ ಹದಿನಾರು ವರ್ಷ.

1933ರಲ್ಲಿ ಇಡೀ ಊರನ್ನು ಬ್ರಾಡ್‌ಫರ್ಡ್‌ನ ಆಸ್ತಿ ಸಂಸ್ಥೆಯೊಂದು ಕೊಂಡುಕೊಂಡಿತು. ಅಲ್ಲಿಂದಾಚೆ ಮನೆಗಳು ಒಂದೊಂದಾಗಿ ಅಲ್ಲಿ ವಾಸವಿದ್ದವರಿಗೇ ಮಾರಾಟವಾಗುತ್ತ ಹೋದವು. ಮಗ್ಗಗಳು 1986ರಲ್ಲಿ ನಿಂತವು. ಮರುವರ್ಷ ಜೊನಾಥನ್ ಸಿಲ್ವರ್ ಎಂಬ ಉದ್ಯಮಿ ಖಾಲಿ ಗಿರಣಿಯನ್ನು ಕೊಂಡು, ಬ್ರಾಡ್‌ಫರ್ಡ್‌ನವನೇ ಆದ ಕಲಾವಿದ ಡೇವಿಡ್ ಹಾಕ್ನಿಯ ಚಿತ್ರಗಳಿಗೆ ಅಲ್ಲಿ ಗ್ಯಾಲರಿ ತೆರೆದ. 2001ರಲ್ಲಿ ಯುನೆಸ್ಕೊ ಸಾಲ್ಟೇರನ್ನು ವಿಶ್ವ ಪರಂಪರೆಯ ತಾಣಗಳ ಪಟ್ಟಿಗೆ ಸೇರಿಸಿತು.

ಸಾಲ್ಟ್ ತನ್ನ ಕಾರ್ಮಿಕರಿಗೆ ಶುದ್ಧ ಗಾಳಿ, ಕುಡಿಯುವ ನೀರು, ಗಟ್ಟಿ ಗೋಡೆಗಳನ್ನು ಕೊಟ್ಟ. ಆ ಕಾಲದ ಬಹುತೇಕ ಗಿರಣಿ ಮಾಲೀಕರು ಅಷ್ಟನ್ನೂ ಕೊಡಲಿಲ್ಲ ಎಂಬುದನ್ನು ಮರೆಯುವಂತಿಲ್ಲ. ಆದರೆ ಮನೆಯ ಬೀಗದ ಕೈಯನ್ನು ಮಾತ್ರ ಆತ ತನ್ನ ಬಳಿಯೇ ಇಟ್ಟುಕೊಂಡ. ಅದು ಮನೆಯೊಳಗಿದ್ದವರ ಕೈಗೆ ಬಂದದ್ದು ಆತ ಸತ್ತು ಅರ್ಧ ಶತಮಾನ ಕಳೆದ ಮೇಲೆ. ಗಿರಣಿಯ ಸದ್ದು ಅಡಗಿದೆ, ಊರು ಮಾತ್ರ ಉಳಿದಿದೆ. ಆತನ ಮಕ್ಕಳ ಹೆಸರು ಹೊತ್ತ ಬೀದಿಗಳಲ್ಲಿ ಜನ ಇಂದಿಗೂ ಸಂಸಾರ ನಡೆಸುತ್ತಿದ್ದಾರೆ.